ಸುಶಾಸನ: ವಿದೇಶಿ ಹೂಡಿಕೆದಾರರಿಗೆ ಮಾತ್ರ

ಆಡಳಿತ ಚೆನ್ನಾಗಿರುವ ದೇಶಕ್ಕೆ ವಿದೇಶಿ ಬಂಡವಾಳ ಹರಿದು ಬರುತ್ತದೆ ಎಂಬ ಅರ್ಥಶಾಸ್ತ್ರಜ್ಞರ ಮಾತನ್ನು ಸರ್ಕಾರಗಳು ಶಿರಸಾವಹಿಸಿವೆ. ಆದರೆ ಆಡಳಿತವನ್ನು ಸುಧಾರಿಸುವುದು ನಿಧಾನದ, ಖರ್ಚಿನ ಮತ್ತು ಮುಖ್ಯವಾಗಿ ತಮ್ಮವರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸವಾದ್ದರಿಂದ, ಅದನ್ನು ಹೂಡಿಕೆದಾರರು ಓಡಾಡುವಷ್ಟು ಜಾಗಕ್ಕೆ ಮಾತ್ರ ಸೀಮಿತಗೊಳಿಸಿವೆ.

ಏಕಗವಾಕ್ಷಿ ಪದ್ಧತಿ ಇದಕ್ಕೆ ಸಾಕ್ಷಿ. ಹೊರದೇಶದ ಕಂಪನಿಯ ಪ್ರತಿನಿಧಿಗಳು ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಒಂದು ಅರ್ಜಿಗೆ ಸಹಿ ಹಾಕಿದರೆ ಭೂಮಿ, ನೀರು, ವಿದ್ಯುತ್ತು, ತೆರಿಗೆ ವಿನಾಯಿತಿಗಳೆಲ್ಲ ಒಟ್ಟಿಗೆ ಮಂಜೂರಾಗುತ್ತವೆ. ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಸ್ವದೇಶದ ಸಣ್ಣ ಉದ್ಯಮಿಯ ಕಡತ ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ ಹೊತ್ತು ಮೇಲಕ್ಕೆ ಹೋಗಿ, ಅದೇ ಷರಾದೊಂದಿಗೆ ಕೆಳಗಿಳಿಯುತ್ತದೆ. ನ್ಯಾಯದಾನದ ಕಥೆಯೂ ಇದೇ. ಹೂಡಿಕೆ ಒಪ್ಪಂದದ ಬಲವಿರುವ ಕಂಪನಿಯು ಸ್ಥಳೀಯ ನ್ಯಾಯಾಲಯಗಳನ್ನು ಬದಿಗಿಟ್ಟು, ವಿಶ್ವಬ್ಯಾಂಕ್ ಸಮೂಹದ ಆಶ್ರಯದಲ್ಲಿ 1966ರಿಂದ ಇರುವ ಹೂಡಿಕೆ ವ್ಯಾಜ್ಯಗಳ ಕೇಂದ್ರದಲ್ಲಿ ಸರ್ಕಾರದ ಮೇಲೆಯೇ ದಾವೆ ಹೂಡಬಹುದು. ತನ್ನ ನ್ಯಾಯಾಲಯಗಳನ್ನು ನಂಬಬೇಕಾಗಿಲ್ಲವೆಂದು ಪರದೇಶದವರಿಗೆ ಬರೆದುಕೊಟ್ಟ ಸರ್ಕಾರವು, ಅವುಗಳನ್ನು ನಂಬಿರೆಂದು ಪ್ರಜೆಗಳಿಗೆ ಉಪದೇಶಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಹಣ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಸುಮಾರು ಆರು ಲಕ್ಷ ಜನರ ಲಕ್ಸೆಂಬರ್ಗ್‌ನಲ್ಲಿ 4 ಲಕ್ಷ ಕೋಟಿ ಡಾಲರ್ ವಿದೇಶಿ ನೇರ ಹೂಡಿಕೆ ಇದೆಯೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಪತ್ರಿಕೆ 2019ರಲ್ಲಿ ಲೆಕ್ಕ ಕೊಟ್ಟಿತು. ತಲೆಗೆ 66 ಲಕ್ಷ ಡಾಲರ್. ಅಲ್ಲಿನ ಆಡಳಿತ ಉತ್ತಮವೆಂಬುದು ನಿಜ, ಆದರೆ ಈ ಹಣದ ಬಹುಪಾಲು ಬಂದದ್ದು ಆಡಳಿತವನ್ನು ಮೆಚ್ಚಿಯಲ್ಲ, ತೆರಿಗೆಯನ್ನು ತಪ್ಪಿಸಿಕೊಳ್ಳಲು. ಜಗತ್ತಿನ ನೇರ ಹೂಡಿಕೆಯಲ್ಲಿ ಶೇ. 40ರಷ್ಟು ಹೀಗೆ ಖಾಲಿ ಕಂಪನಿಗಳ ಮೂಲಕ ಹಾದುಹೋಗುವ ‘ಭೂತ ಹೂಡಿಕೆ’ ಎಂದು ಅದೇ ಲೇಖನ ಅಂದಾಜಿಸಿತ್ತು. ಇನ್ನು 1979ರ ಕ್ಷಿಪ್ರಕ್ರಾಂತಿಯಿಂದ ಒಬ್ಬರೇ ಅಧ್ಯಕ್ಷರ ಕೈಯಲ್ಲಿರುವ ಆಫ್ರಿಕಾದ ಈಕ್ವಟೋರಿಯಲ್ ಗಿನಿಯಲ್ಲಿ 1990ರ ದಶಕದಲ್ಲಿ ಸಮುದ್ರದಡಿ ತೈಲ ಸಿಕ್ಕಾಗ, ಅಮೆರಿಕದ ಕಂಪನಿಗಳು ಕಾನೂನಿನ ಆಳ್ವಿಕೆಯ ಅಂಕಗಳನ್ನು ಕೇಳುತ್ತ ಕೂರಲಿಲ್ಲ. ನೆಲದಲ್ಲಿ ಕಾರ್ಖಾನೆ ಊರಿ ಇಪ್ಪತ್ತು ವರ್ಷ ಲಾಭಕ್ಕಾಗಿ ಕಾಯಬೇಕಾದವರು ನ್ಯಾಯಾಲಯ, ಲಂಚ, ನೀತಿಯ ಸ್ಥಿರತೆಗಳನ್ನು ನಿಜವಾಗಿಯೂ ನೋಡುತ್ತಾರೆ, ಅರ್ಥಶಾಸ್ತ್ರಜ್ಞರು ಹೇಳಿದ್ದು ಸುಳ್ಳಲ್ಲ. ಆದರೆ ಅವರ ಹಣವೂ ಭೂತಗಳ ಹಣವೂ ಹೂಡಿಕೆದಾರರ ಸಮಾವೇಶದ ವೇದಿಕೆಯಲ್ಲಿ ಒಂದೇ ಮೊತ್ತವಾಗಿ ಘೋಷಣೆಯಾಗುತ್ತವೆ.

ಹಾಗಾಗಿ ಜಾಣ ಸರ್ಕಾರಗಳು ಆಡಳಿತವನ್ನು ಬಿಟ್ಟು ಅಂಕಪಟ್ಟಿಯನ್ನು ಹಿಡಿದವು. ಯಾವ ದೇಶದಲ್ಲಿ ಉದ್ಯಮ ನಡೆಸುವುದು ಎಷ್ಟು ಸುಲಭವೆಂದು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ವರದಿಯ ಶ್ರೇಯಾಂಕವೇ ಆಗ ಮಂತ್ರಿಗಳ ಮಾನಾಪಮಾನ ನಿರ್ಧರಿಸುತ್ತಿತ್ತು. 2018ರ ಆವೃತ್ತಿಯಲ್ಲಿ 85ನೇ ಸ್ಥಾನಕ್ಕೆ ಇಳಿಯಬೇಕಿದ್ದ ಚೀನಾ 78ರಲ್ಲೇ ಉಳಿದದ್ದು ಹೇಗೆಂದು ಬ್ಯಾಂಕು ನೇಮಿಸಿದ ವಕೀಲರು ಹುಡುಕಿದಾಗ, ಉದ್ಯಮದ ಆರಂಭ, ಸಾಲ ಕೊಡುವವರ ಮತ್ತು ಪಡೆಯುವವರ ಕಾನೂನು ಹಕ್ಕು, ತೆರಿಗೆ ಪಾವತಿ ಎಂಬ ಮೂರು ವಿಭಾಗಗಳ ಅಂಕಿ ಅಂಶಗಳನ್ನು ಬ್ಯಾಂಕಿನೊಳಗೇ ತಿದ್ದಲಾಗಿತ್ತೆಂದು ವರದಿ ಮಾಡಿದರು. ತಿದ್ದಿದ ಹೊತ್ತಿನಲ್ಲಿ ಬ್ಯಾಂಕು ತನ್ನ ಬಂಡವಾಳ ಹೆಚ್ಚಿಸಿಕೊಡುವಂತೆ ಚೀನಾ ಸೇರಿದಂತೆ ಸದಸ್ಯ ರಾಷ್ಟ್ರಗಳ ಮನವೊಲಿಸುತ್ತಿತ್ತು. ಆಡಳಿತಕ್ಕೂ ಬಂಡವಾಳಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸಂಶೋಧಕರೂ ತೋರಿಸಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ವರದಿಯನ್ನೇ ನಿಲ್ಲಿಸಲಾಯಿತು.

ಅದರ ಉತ್ತರಾಧಿಕಾರಿಯಾದ ‘ಬಿ-ರೆಡಿ’ 2024ರಲ್ಲಿ 50 ಅರ್ಥವ್ಯವಸ್ಥೆಗಳನ್ನು ಅಳೆದು ಹೊರಬಂದಿದೆ. ಅದು ಬೇರೆ ಬೇರೆ ವಿಷಯಗಳಿಗೆ ಅಂಕ ಕೊಡುತ್ತದೆಯೇ ಹೊರತು ದೇಶಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಟ್ಟಾರೆ ಶ್ರೇಯಾಂಕ ಘೋಷಿಸುವುದಿಲ್ಲ. ವಿಮಾನ ನಿಲ್ದಾಣದ ಸ್ವಾಗತ ಫಲಕದಲ್ಲಿ ಇನ್ನು ಮುಂದೆ ಯಾವ ಸಂಖ್ಯೆ ಬರೆಸಬೇಕೆಂದು ಪ್ರಚಾರ ಇಲಾಖೆಗಳು ತಲೆ ಕೆಡಿಸಿಕೊಂಡು ಕೂತಿರಬೇಕು.