ರಾಗಿ ಸರಿ ಪುರಾಣ

ಮಗುವಿಗೆ ಆರು ತಿಂಗಳು ತುಂಬುವವರೆಗೆ ಅದರ ಊಟದ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ತಾಯಿ ಹಾಲು ಕುಡಿಯುತ್ತೆ, ಮಲಗುತ್ತೆ, ಮುಗೀತು. ತುಂಬಿದ ಮರುದಿನದಿಂದ ನೋಡಿ ಶುರುವಾಗುತ್ತೆ. ಲಿಫ್ಟಿನಲ್ಲಿ ಸಿಕ್ಕವರು, ತರಕಾರಿ ಗಾಡಿಯವನು, ಗ್ಯಾಸ್ ಸಿಲಿಂಡರ್ ತಂದುಕೊಟ್ಟವನು, ಎಲ್ಲರದ್ದೂ ಒಂದೇ ಪ್ರಶ್ನೆ: "ಪಾಪುಗೆ ಏನ್ ಕೊಡ್ತಿದ್ದೀರಾ?" ಉತ್ತರ ಏನೇ ಕೊಡಿ, ಅದು ತಪ್ಪು.

ನಮ್ಮನೇಲಿ ತಪ್ಪುಗಳ ಪಟ್ಟಿ ಸ್ವಲ್ಪ ಉದ್ದ. ಯಾಕಂದ್ರೆ ನಮ್ಮಮ್ಮ ಹಾಸನದ ಕಡೆಯವರು, ಅತ್ತೆ ಪುತ್ತೂರಿನ ಕಡೆಯವರು. ಅಮ್ಮನ ಪ್ರಕಾರ ಮಗುವಿನ ಮೊದಲ ಊಟ ರಾಗಿ ಸರಿ. ಅತ್ತೆಯ ಪ್ರಕಾರ ರಾಗಿ ಮಣ್ಣಿ. ಎರಡರಲ್ಲೂ ಇರುವುದು ರಾಗಿ ಮತ್ತು ನೀರು. ಆದರೆ ಅವರ ಎದುರು ಹೀಗೆ ಹೇಳುವ ಧೈರ್ಯ ನಿಮಗಿದ್ದರೆ ಮನೆಗೆ ಬನ್ನಿ, ಕಾಫಿ ಕೊಡ್ತೀನಿ. ಸರಿಗೆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಹಿಟ್ಟು ಮಾಡಿಸಿ, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಮಣ್ಣಿಗೆ ರಾಗಿ ನೆನೆಸಿ, ರುಬ್ಬಿ, ಹಾಲು ಹಿಂಡಿ ಸೋಸಿ ಕಾಯಿಸಬೇಕು. "ಮಣ್ಣಿ ಮಾಡಿದ್ರೆ ಆಯ್ತು ಮಾರಾಯ್ರೆ, ಎಂತಕ್ಕೆ ಇಷ್ಟು ರಗಳೆ?" ಅಂತ ಅತ್ತೆ ವಿಡಿಯೋ ಕಾಲಿನಲ್ಲಿ ನನ್ನನ್ನು ಕೇಳುತ್ತಾರೆ. ಅಮ್ಮ ಅಡುಗೆಮನೆಯಿಂದಲೇ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಾರೆ. ಉತ್ತರ ಹೋಯಿತು.

ಅನ್ನಪ್ರಾಶನದ ದಿನದ ಬಗ್ಗೆ ಮಾತ್ರ ಜಗಳ ಆಗಲಿಲ್ಲ. ಹೆಣ್ಣುಮಗುವಿಗೆ ಬೆಸ ತಿಂಗಳು, ಐದು ಇಲ್ಲವೇ ಏಳು ಅಂತ ಅಮ್ಮನ ಲೆಕ್ಕ. ಆರು ತುಂಬಿದ ಮೇಲೆ ಶುರುಮಾಡಿ ಅಂತ ಡಾಕ್ಟರ ಲೆಕ್ಕ. ಆರು ತುಂಬಿದರೆ ನಡೆಯುವುದು ಏಳನೆಯದು ತಾನೇ? ಡಾಕ್ಟರೂ ಪಂಚಾಂಗವೂ ಒಪ್ಪಿದ ವಿಷಯ ಇದೊಂದೇ. ಮುಂದಿನದರಲ್ಲಿ ಒಪ್ಪಲಿಲ್ಲ. ಒಂದು ವರ್ಷದವರೆಗೆ ಉಪ್ಪು ಬೇಡ, ಸಕ್ಕರೆ ಬೇಡ, ಜೇನುತುಪ್ಪವಂತೂ ಮುಟ್ಟಿಸಲೇಬೇಡಿ, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಎಳೆ ಮಗುವಿನ ಕರುಳು ತಡೆಯಲಾರದು ಅಂತ ಡಾಕ್ಟರು ಬಿಡಿಸಿ ಹೇಳಿದರು. ಅಮ್ಮ ಪೂರ್ತಿ ಕೇಳಿಸಿಕೊಂಡು, ಆಟೋ ಹತ್ತಿದ ಮೇಲೆ, "ನಿನಗೆ ಹುಟ್ಟಿದ ದಿನವೇ ಜೇನು ನೆಕ್ಕಿಸಿದ್ದೆ, ಏನಾಯ್ತು?" ಅಂದರು. ನನ್ನ ಹೆಂಡತಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಏನೂ ಅನ್ನಲಿಲ್ಲ.

ಇನ್ನು ಸರಿ ಹಿಟ್ಟಿನ ತಯಾರಿ. ರಾಗಿ ತೊಳೆದು, ಕಲ್ಲು ಆರಿಸಿ, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಇಟ್ಟಾಗ ಮೊಳಕೆ ಚೆನ್ನಾಗೇ ಬಂತು. ಒಣಗಿಸುವುದೇ ಕಷ್ಟ. ಬಿಸಿಲಲ್ಲಿ ಬೇಡ, ನೆರಳಲ್ಲೇ ಒಣಗಬೇಕು ಅಂತ ಅಮ್ಮನ ಆಜ್ಞೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನೆರಳಿಗೇನು ಕೊರತೆ? ಪಾರಿವಾಳಕ್ಕೂ ಕೊರತೆಯಿಲ್ಲ. ಇಷ್ಟು ದಿನ ಒಂದೆರಡು ಬಂದು ಕೂರುತ್ತಿದ್ದವು. ಮೊಳಕೆ ರಾಗಿಯ ಸುದ್ದಿ ಹೇಗೆ ಹಬ್ಬಿತೋ ಗೊತ್ತಿಲ್ಲ, ಇಡೀ ಬ್ಲಾಕಿನವು ಕುಟುಂಬ ಸಮೇತ ಬಂದವು. ನಾನು ಆಫೀಸಿನ ಮೀಟಿಂಗಿಗೆ ಲ್ಯಾಪ್‌ಟಾಪ್ ಹಿಡಿದು ಬಾಲ್ಕನಿಯಲ್ಲೇ ಕೂತೆ. ಮ್ಯೂಟ್ ಮಾಡದೆ "ಹುಶ್, ಹುಶ್" ಅಂದಾಗ ಮಾತಾಡುತ್ತಿದ್ದ ಮ್ಯಾನೇಜರು ಪಾಪ ಸುಮ್ಮನಾಗಿಬಿಟ್ಟರು.

ಆಮೇಲೆ ಗಿರಣಿ. ಹೊರಡುವಾಗ ಅಮ್ಮ ಹೇಳಿದ್ದು ಇಷ್ಟು: "ಗೋಧಿ ಆದಮೇಲೆ ಹಾಕಿಸಬೇಡ. ಕಡಲೆ ಆದಮೇಲೆ ಬೇಡವೇ ಬೇಡ. ಯಾರಾದ್ರೂ ರಾಗಿ ಹಾಕಿಸಿದ ಮೇಲೆ ನಿಂದು ಕೊಡು. ಮೆಣಸಿನಕಾಯಿ ಮಿಷನ್ ಹತ್ತಿರ ನಿಲ್ಲಲೂ ಬೇಡ ಕಣೋ." ಹೋದೆ. ಗಿರಣಿಯವರ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬಿಳಿ, ವಯಸ್ಸು ಹೇಳಲು ಸಾಧ್ಯವಿಲ್ಲ. ನಡೆಯುತ್ತಿದ್ದದ್ದು ಗೋಧಿ. ಕಾದೆ. ಮುಂದಿನವರದ್ದು ಅಕ್ಕಿ. ಪರವಾಗಿಲ್ಲವೇನೋ ಅಂತ ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಮತ್ತೆ ಗೋಧಿ ಬಂತು. ನನ್ನ ಸರದಿ ಬಂದಾಗೆಲ್ಲ "ನೀವು ಹಾಕಿಸಿಕೊಳ್ಳಿ, ನಂಗೇನು ಅರ್ಜೆಂಟ್ ಇಲ್ಲ" ಅಂತ ಹಿಂದಿನವರನ್ನು ಮುಂದೆ ಬಿಟ್ಟೆ. ಬೆಂಗಳೂರಲ್ಲಿ ಕ್ಯೂ ಬಿಟ್ಟುಕೊಡುವವನನ್ನು ಜನ ಅನುಮಾನದಿಂದಲೇ ನೋಡುತ್ತಾರೆ. ಒಬ್ಬರು ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಕೊನೆಗೆ ಒಬ್ಬ ಅಜ್ಜಿ ಕೈಚೀಲ ಹಿಡಿದು ಬಂದರು. "ಏನಜ್ಜಿ, ರಾಗಿನಾ?" ಅಂತ ನಾನು ಕೇಳಿದ ಉತ್ಸಾಹಕ್ಕೆ ಅವರು ಒಂದು ಹೆಜ್ಜೆ ಹಿಂದೆ ಹೋದರು. ರಾಗಿಯೇ! ಅವರದಾದ ಮೇಲೆ ನನ್ನದು ಸುರಿದದ್ದೇ ತಡ, ಪಕ್ಕದ ಮಿಷನ್ನಿಗೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಹಾಕಿದರು. ಮಿಷನ್ ಬೇರೆ, ಸರಿ. ಗಾಳಿ ಒಂದೇ ಅಲ್ವಾ? ನಾನು ಸೀನುತ್ತಾ, ಹಿಟ್ಟಿನ ಡಬ್ಬಿಯ ಮೇಲೆ ಅಂಗಿ ಬಿಚ್ಚಿ ಮುಚ್ಚಿ, ಬನಿಯನ್ನಿನಲ್ಲೇ ಮನೆಗೆ ಬಂದೆ. ಲಿಫ್ಟಿನಲ್ಲಿ ಆ ಹೊತ್ತು ಮಾತ್ರ ಯಾರೂ ಪಾಪುವಿಗೆ ಏನು ಕೊಡ್ತಿದ್ದೀರಾ ಅಂತ ಕೇಳಲಿಲ್ಲ.

ಬಟ್ಟೆಯಲ್ಲಿ ಜರಡಿ ಹಿಡಿಯುವಾಗ ಮಾವ ಫ್ಯಾನ್ ಹಾಕಿದ್ದು, ಅದರ ನಂತರದ ಮಾತುಕತೆ, ಇದನ್ನೆಲ್ಲ ಬಿಡಿ. ಮಾವ ನೋಡಿಹೋಗೋಣ ಅಂತ ಬಂದಿದ್ದರಷ್ಟೇ.

ಅಂತೂ ಸರಿ ಸಿದ್ಧವಾಯಿತು. ಗಂಟಿಲ್ಲದೆ, ಹೊಳಪಾಗಿ, ಚಮಚದಿಂದ ನಿಧಾನವಾಗಿ ಜಾರುವ ಹದ. ಬೆಳ್ಳಿ ಬಟ್ಟಲು, ಬೆಳ್ಳಿ ಚಮಚ. ಅಮ್ಮ ಬಾಯಿ ತೆರೆದರು, ಹೆಂಡತಿ ಬಾಯಿ ತೆರೆದಳು, ಮಾವನೂ ತೆರೆದರು. ಮಗಳು ಬಿಟ್ಟು ಎಲ್ಲರದ್ದೂ ಬಾಯಿ ತೆರೆದಿತ್ತು. ಆಮೇಲೆ ಅವಳೂ ತೆರೆದಳು. ಸರಿ ಒಳಗೆ ಹೋಯಿತು, ಒಂದು ಕ್ಷಣ ನಿಂತಿತು, ನಾಲಿಗೆಯ ಮೇಲೆ ಸವಾರಿ ಮಾಡಿಕೊಂಡು ಹಾಗೇ ವಾಪಸು ಗಲ್ಲಕ್ಕೆ ಬಂತು. ಮತ್ತೆ ಕೊಟ್ಟೆವು, ಮತ್ತೆ ಬಂತು. ಬಾಯಿಗೆ ಬಂದದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ಎಳೆ ಮಕ್ಕಳಿಗೆ ಹುಟ್ಟಿನಿಂದ ಬಂದ ರಕ್ಷಣೆಯಂತೆ, ಆರು ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ಕಡಿಮೆಯಾಗುತ್ತದಂತೆ. ನಮ್ಮವಳು ಇನ್ನೂ ಸ್ವಲ್ಪ ದಿನ ಇಟ್ಟುಕೊಂಡಿದ್ದಳು. ಕೊನೆಗೆ ಒಂದು ಸೀನು. ಬ್ಯಾಡಗಿಯ ಪ್ರಭಾವ ಅಂತ ನನ್ನ ಅನುಮಾನ, ಬಾಯಿ ಬಿಡಲಿಲ್ಲ.

ಮಾವ ಕನ್ನಡಕ ಒರೆಸಿಕೊಳ್ಳುತ್ತಾ ಸಮಾಧಾನ ಹೇಳಿದರು. "100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಉಂಟು, ಸ್ವಲ್ಪ ಹೋದ್ರೂ ಸಾಕು." ಹೆಂಡತಿ ಲೆಕ್ಕದಲ್ಲಿ ಬಲು ಚುರುಕು. "ಅಪ್ಪ, ಕಲಸಿದ್ದು ಎರಡು ಚಮಚ ಹಿಟ್ಟು. ಅರ್ಧ ನಿಮ್ಮ ಕನ್ನಡಕದ ಮೇಲಿದೆ, ಉಳಿದದ್ದು ಇವರ ಅಂಗಿ ಮೇಲಿದೆ. ನಿಮ್ಮಿಬ್ಬರ ಮೂಳೆಗೆ ಇನ್ನು ತೊಂದರೆಯಿಲ್ಲ."

ಮುಂದಿನ ದಿನಗಳಲ್ಲಿ ಕ್ಯಾರೆಟ್, ಸೇಬು, ಹೆಸರುಬೇಳೆ ಕಟ್ಟು, ಎಲ್ಲದರ ಪ್ರಯೋಗವಾಯಿತು. ಹೊಸದೊಂದು ಕೊಟ್ಟ ಮೇಲೆ ಒಗ್ಗುತ್ತಾ ಅಂತ ಎರಡು ಮೂರು ದಿನ ನೋಡುವುದು ನಮ್ಮ ಪದ್ಧತಿ. ನೋಡುವುದು ಅಂದರೆ ಡಯಾಪರ್ ನೋಡುವುದು. ಬೀಟ್‌ರೂಟ್ ಕೊಟ್ಟ ಮರುದಿನ ನಾನು ಡಯಾಪರ್ ಬಿಚ್ಚಿ ಹಾಕಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಕೆಂಪು ಬಣ್ಣ ಬೀಟ್‌ರೂಟಿನದ್ದು ಅಂತ ಹೆಂಡತಿ ಅವರಿಗೆ ವಿವರಿಸಿದಳು. ಅವರು ಹೊರಡುವ ಮುನ್ನ, "ಬೀಟ್‌ರೂಟ್ ಯಾಕೆ ಕೊಟ್ರಿ?" ಅಂದರು.

ಇಷ್ಟರಲ್ಲಿ ನಿಜವಾಗಿ ದಪ್ಪ ಆದವನು ನಾನು. ಮಗಳು ಬಿಟ್ಟದ್ದನ್ನು ಚೆಲ್ಲುವ ಹಾಗಿಲ್ಲ, ಮಗುವಿನ ಊಟ ತಾಯಿತಂದೆಗೆ ಪ್ರಸಾದ ಅಂತ ಅಮ್ಮ ಎಲ್ಲಿಂದಲೋ ಒಂದು ನಿಯಮ ತಂದರು. ಹೆಂಡತಿ ತನ್ನ ಪಾಲನ್ನೂ ನನಗೇ ಬಿಟ್ಟುಕೊಟ್ಟಳು. ಉಪ್ಪಿಲ್ಲದ ಕ್ಯಾರೆಟ್ಟಿಗೆ ಉಪ್ಪಿನಕಾಯಿ ಹೊಂದುತ್ತದೆ, ಬೇಕಾದರೆ ತಿಂದು ನೋಡಿ.

ಮೊನ್ನೆ ಭಾನುವಾರ ಅಪ್ಪ ಊರಿಂದ ಬಂದರು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಮಗಳು ಅಪ್ಪನ ತೊಡೆ ಮೇಲೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು. ಅಪ್ಪ ಯಾರನ್ನೂ ಕೇಳಲಿಲ್ಲ. ಮುದ್ದೆಯಿಂದ ಅಕ್ಕಿಕಾಳಿನಷ್ಟು ಚಿವುಟಿ, ಬಿಸಿನೀರಲ್ಲಿ ಬೆರಳಿಂದ ಮಿದ್ದು ತೆಳ್ಳಗೆ ಮಾಡಿ ನೆಕ್ಕಿಸಿಯೇಬಿಟ್ಟರು. ಅವಳು ಚಪ್ಪರಿಸಿದಳು. ಇನ್ನೂ ಬೇಕು ಅಂತ ಅಪ್ಪನ ಬೆರಳು ಎಳೆದಳು. "ಅತ್ತೆ, ಉಪ್ಪು ಹಾಕಿದ್ದೀರಾ?" ಅಂತ ಹೆಂಡತಿ ಓಡಿ ಬಂದಳು. "ಮುದ್ದೆಗೆ ಯಾರಮ್ಮ ಉಪ್ಪು ಹಾಕ್ತಾರೆ?" ಅಂದರು ಅಮ್ಮ. ಆ ರಾಗಿ ಹಿಟ್ಟು ಕೆಳಗಿನ ಅಂಗಡಿಯ ಪ್ಯಾಕೆಟ್ಟಿನದು. ಮೊಳಕೆ ಇಲ್ಲ, ನೆರಳು ಇಲ್ಲ, ಜರಡಿಯೂ ಇಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ತಿನ್ನಿಸಿ ತಿನ್ನಿಸಿ ರಾಗಿ ರುಚಿ ಹತ್ತಿದೆ, ಅದಕ್ಕೇ ತಿಂದ್ಲು" ಅಂದರು. ವಿಡಿಯೋ ಕಾಲಿನಲ್ಲಿದ್ದ ಅತ್ತೆಗೆ ಇದು ಪೂರ್ತಿ ಕೇಳಿಸಿತು. ನೇಂದ್ರ ಬಾಳೆಕಾಯಿ ಪುಡಿ ಎರಡು ಕೆಜಿ ಬಸ್ಸಿಗೆ ಹಾಕಿದ್ದಾರಂತೆ. ನಾಳೆ ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ತರಬೇಕು.