ತೇರಿನ ದಿನ ಗಾರ್ಡ್ ಎಲ್ಲಿ ನಿಲ್ಲಬೇಕು?

ಪುಷ್ಯ ಬಹುಳ ಬಿದಿಗೆಗೆ ಕೊಪ್ಪಳದ ಗವಿಮಠದ ತೇರು. ಗವಿಸಿದ್ಧೇಶ್ವರ ಅಜ್ಜನ ಜಾತ್ರಿಗೆ ಬರೋ ಮಂದಿಯನ್ನ ಲಕ್ಷದ ಲೆಕ್ಕದಲ್ಲೇ ಹೇಳಬೇಕು. ಹುಲಿಗಿಯ ಹುಣ್ಣಿಮೆ, ಅಂಜನಾದ್ರಿಯ ಹನುಮಮಾಲೆ ವಿಸರ್ಜನೆ, ಊರೂರಿನ ಗಣಪತಿ ಮೆರವಣಿಗೆ, ಯಾವುದನ್ನೇ ತಗೊಳ್ಳಿ, ದೊಡ್ಡ ಹಬ್ಬ ಅಂದ ಮೇಲೆ ಪೊಲೀಸರು, ಹೋಂ ಗಾರ್ಡ್‌ಗಳು, ಸ್ವಯಂಸೇವಕರ ಜೊತೆಗೆ ಈಗ ಖಾಸಗಿ ಸೆಕ್ಯೂರಿಟಿಯವರನ್ನೂ ಕರೆಸೋದು ರೂಢಿಯಾಗಿದೆ. ಹಬ್ಬದ ಕಮಿಟಿಗಳಿಗೆ ನನ್ನದೊಂದು ವಿನಂತಿ. ಗಾರ್ಡ್ ಎಷ್ಟು ಮಂದಿ ಬೇಕು ಅಂತ ಕೇಳೋ ಮೊದಲು ಅವರು ಎಲ್ಲಿ ನಿಲ್ಲಬೇಕು ಅಂತ ಕೇಳಿ. 40 ಮಂದಿ ಕರೆಸಿ 25 ಮಂದಿಯನ್ನ ವೇದಿಕೆ ಸುತ್ತ ನಿಲ್ಲಿಸಿದರೆ, ಜನ ಸಿಕ್ಕಿಕೊಳ್ಳೋ ಜಾಗಕ್ಕೆ ಸಾಕಷ್ಟು ಮಂದಿ ಉಳಿಯೋದಿಲ್ಲ.

ಜನ ಸಿಕ್ಕಿಕೊಳ್ಳೋದು ದಾರಿ ಸಣ್ಣದಾಗೋ ಕಡೆ, ಎರಡು ದಾರಿ ಕೂಡೋ ಕಡೆ, ಒಳಗೆ ಹೋಗೋರೂ ಹೊರಗೆ ಬರೋರೂ ಎದುರಾಗೋ ಕಡೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 11 ಜನ ಸತ್ತದ್ದು ಹೊರಗೆ, ಗೇಟುಗಳ ಹತ್ತಿರ.

ಇಂಥದ್ದಕ್ಕೆ ನಾವು ಕಾಲ್ತುಳಿತ ಅಂತೀವಿ. ಆ ಪದವೇ ದಾರಿ ತಪ್ಪಿಸುತ್ತೆ. ಬಹಳ ಜನ ಸಾಯೋದು ನಿಂತಲ್ಲೇ, ಉಸಿರು ಕಟ್ಟಿ. ಎದೆ ಹಿಗ್ಗೋಕೆ ಜಾಗ ಇಲ್ಲದಿದ್ದರೆ ಉಸಿರು ಒಳಗೆ ಹೋಗೋದಿಲ್ಲ. ಹಾಗಾಗಿ ಬಿದ್ದವರನ್ನ ಎತ್ತೋದಕ್ಕಿಂತ ಮೊದಲಿನ ಕೆಲಸ, ಅಷ್ಟು ಒತ್ತು ಹುಟ್ಟದ ಹಾಗೆ ನೋಡಿಕೊಳ್ಳೋದು.

ಅದನ್ನ ಕಣ್ಣಲ್ಲೇ ಅಳೀಬಹುದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕವನ್ನ ಸುಣ್ಣದಲ್ಲಿ ಬರೆದು ಗಾರ್ಡ್‌ಗಳಿಗೆ ಮೊದಲೇ ತೋರಿಸಿ. ಅದರಲ್ಲಿ ನಾಲ್ಕು ಜನ ನಿಂತರೆ ತಿರುಗಬಹುದು, ಆದರೆ ಹುಷಾರಾಗಬೇಕಾದ ಹೊತ್ತು ಅದು. ಐದಾದರೆ ಭುಜಕ್ಕೆ ಭುಜ ತಾಗುತ್ತೆ, ಆ ಕಡೆಗೆ ಜನ ಬಿಡೋದನ್ನ ಆಗಲೇ ನಿಲ್ಲಿಸಬೇಕು. ಆರು ದಾಟಿದರೆ ಕೆಳಗಿದ್ದ ಕೈಯನ್ನ ಮೇಲೆತ್ತೋಕೂ ಆಗಲ್ಲ. ಆಮೇಲೆ ಜನ ತಮ್ಮ ಕಾಲ ಮೇಲೆ ತಾವು ನಡೆಯೋದಿಲ್ಲ, ಗುಂಪು ನಡೆಸಿದಂಗೆ ನಡೀತಾರೆ. ಸ್ವಲ್ಪ ಎತ್ತರದಲ್ಲಿ ನಿಂತು ನೋಡಿದರೆ ತಲೆಗಳು ಒಟ್ಟಿಗೆ ಆ ಕಡೆ ಈ ಕಡೆ ವಾಲ್ತಿರುತ್ತವೆ, ತೆನೆ ಬಿಟ್ಟ ಬಿಳಿಜೋಳದ ಹೊಲಕ್ಕೆ ಗಾಳಿ ಬಿದ್ದಂಗೆ. ಅದು ಕಂಡಿತು ಅಂದರೆ ಆಗಲೇ ತಡವಾಗಿದೆ. ಇದಕ್ಕೇ ಪ್ರತಿ ಇಕ್ಕಟ್ಟಿನ ಜಾಗಕ್ಕೂ ಒಬ್ಬ ಗಾರ್ಡ್ ಎರಡಾಳೆತ್ತರದ ಅಟ್ಟಣಿಗೆ ಮೇಲೆ ಇರಬೇಕು. ಅವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು.

ಎಲ್ಲ ಕಡೆ ಆಗೋ ತಪ್ಪು ಒಂದೇ. ಗುಂಪು ಜಾಸ್ತಿಯಾಯಿತು ಅಂತ ಮುಂದಿನ ಗೇಟನ್ನ ದಢಕ್ಕನೆ ಮುಚ್ಚಿಬಿಡ್ತಾರೆ. ಗೇಟ್ ಹತ್ತಿರದ ಗಾರ್ಡ್ "ಹಿಂದ ಸರೀರಿ" ಅಂತ ಗಂಟಲು ಹರಕೊಳ್ತಾನೆ. ಎದುರಿಗಿರೋರಿಗೆ ಸರಿಯೋಕೆ ಜಾಗ ಇಲ್ಲ, ನೂರಡಿ ಹಿಂದಿರೋರಿಗೆ ಅವನ ಮಾತು ಕೇಳೋದಿಲ್ಲ. ಅವರು ದಾರಿ ತೆರೆದಿದೆ ಅಂತಲೇ ಒತ್ತುತ್ತಿರ್ತಾರೆ. ತಡೆಯೋದಿದ್ದರೆ ಬಾಲದಲ್ಲಿ ತಡೀಬೇಕು. ಗೇಟಿಗಿಂತ 50 ಮೀಟರ್ ಹಿಂದೆ ಒಂದು, 100 ಮೀಟರ್ ಹಿಂದೆ ಇನ್ನೊಂದು ಕಡೆ ಹಗ್ಗ ಹಿಡಿದು ಇಬ್ಬಿಬ್ಬರು ನಿಂತು, ಐವತ್ತೈವತ್ತು ಜನರ ತಂಡ ಮಾಡಿ ಬಿಡಬೇಕು. "ಯಕ್ಕಾ, ಮುಂದಿನವ್ರು ದಾಟ್ಲಿ, ಐದು ನಿಮಿಷ ನಿಲ್ರಿ, ಆಮ್ಯಾಲೆ ನಿಮ್ಮನ್ನೇ ಬಿಡ್ತೀವಿ" ಅಂತ ಕಾರಣ, ಹೊತ್ತು ಎರಡನ್ನೂ ಹೇಳಿದರೆ ನಮ್ಮ ಮಂದಿ ನಿಲ್ತಾರೆ. ಬರೀ ಗದರಿಸಿದರೆ ಪಕ್ಕದ ಸಂದಿಯಿಂದ ನುಗ್ತಾರೆ.

ಲೆಕ್ಕವನ್ನ ಕಾಗದದ ಮೇಲೆ ಮೊದಲೇ ಮಾಡಿ. ಸಮತಟ್ಟಾದ ದಾರಿಯ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 80 ಜನ ಸಾಗ್ತಾರೆ, ಮೆಟ್ಟಿಲ ಮೇಲಾದರೆ 65ರ ಆಸುಪಾಸು. ಮೂರು ಮೀಟರ್ ದಾರಿಯಲ್ಲಿ 10,000 ಜನ ಹೊರಬೀಳೋಕೆ ಏನೂ ಅಡ್ಡಿಯಿಲ್ಲದಿದ್ದರೂ 40 ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಅದೇ ದಾರಿಗೆ ಬಳೆ ಅಂಗಡಿ, ಮಿರ್ಚಿ ಗಾಡಿ ಬಂದು ಎರಡು ಮೀಟರ್ ಉಳಿದರೆ ಒಂದು ತಾಸು ದಾಟುತ್ತೆ. ಅಂಜನಾದ್ರಿಯ 575 ಮೆಟ್ಟಿಲ ಮೇಲೆ ಹತ್ತೋರು ಇಳಿಯೋರು ಬೆರೆತರೆ ಈ ಲೆಕ್ಕವೂ ನಿಲ್ಲೋದಿಲ್ಲ. ಅಂಥ ಕಡೆ ಗಾರ್ಡ್ ಬೇಕಾಗಿರೋದು ಮೊದಲನೇ ಮೆಟ್ಟಿಲ ಕೆಳಗೆ ಮತ್ತು ತಿರುವುಗಳಲ್ಲಿ.

ತೇರಿನ ಹತ್ತಿರದ ಕೆಲಸವೇ ಬೇರೆ. ತೇರು ಕದಲಿದಾಗ ಎಲ್ಲರ ಕಣ್ಣೂ ಕಳಸದ ಮೇಲೆ, ಕೈಯಲ್ಲಿ ಉತ್ತತ್ತಿ, ಬಾಳೆಹಣ್ಣು. ಎಸೆದ ಉತ್ತತ್ತಿ ತೇರಿಗೆ ತಾಗಿ ಕೆಳಗೆ ಬೀಳುತ್ತೆ, ಪ್ರಸಾದ ಅಂತ ಹುಡುಗರು, ಮುದುಕಿಯರು ಅದನ್ನ ಆರಿಸಿಕೊಳ್ಳೋಕೆ ಬಗ್ತಾರೆ. ಎಲ್ಲರೂ ಮೇಲೆ ನೋಡ್ತಿರೋ ಹೊತ್ತಲ್ಲಿ ಒಬ್ಬರು ನೆಲಕ್ಕೆ ಬಗ್ಗಿರ್ತಾರೆ, ಪಕ್ಕದಲ್ಲೇ ಗಾಲಿ ಉರುಳ್ತಿರುತ್ತೆ. ತೇರು ಎಳೆಯೋ ಮಿಣಿಯ (ದಪ್ಪ ಹಗ್ಗದ) ಎರಡೂ ಬದಿಗೆ, ಗಾಲಿಗಳ ಪಕ್ಕಕ್ಕೆ ನಿಂತ ಗಾರ್ಡ್‌ಗಳು ತೇರಿಗೆ ಬೆನ್ನು ಮಾಡಿ ಜನರ ಕಾಲನ್ನ ನೋಡಬೇಕು. ತೇರು ನೋಡ್ತಾ ನಿಂತ ಗಾರ್ಡ್ ಆ ಹೊತ್ತಿಗೆ ಬರೀ ಭಕ್ತ. ಅವನ ಭಕ್ತಿಗೆ ನನ್ನ ಗೌರವ ಇದೆ, ಆದರೆ ಆ ಜಾಗಕ್ಕೆ ಇನ್ನೊಬ್ಬ ಬೇಕು.

ಕಟ್ಟೋ ಬ್ಯಾರಿಕೇಡ್ ಬಗ್ಗೆಯೂ ಹೇಳಬೇಕು. ಬೊಂಬಿಗೆ ಹುರಿ ಬಿಗಿದು ಉದ್ದಕ್ಕೂ ಸಂದಿಲ್ಲದಂತೆ ಕಟ್ಟಿದರೆ, ಒಳಗೆ ಯಾರಿಗಾದರೂ ತಲೆ ಸುತ್ತಿದರೂ ಹೊರಗೆ ತೆಗೆಯೋಕೆ ಆಗಲ್ಲ. 20-25 ಮೀಟರ್‌ಗೊಂದು ಬಿಚ್ಚೋ ಜಾಗ ಬಿಡಿ, ಅಲ್ಲಿನ ಗಾರ್ಡ್ ಕೈಗೆ ಹಗ್ಗ ಕತ್ತರಿಸೋ ಕುಡುಗೋಲು ಕೊಡಿ. ಸೀಟಿ, ಟಾರ್ಚು, ನೀರಿನ ಬಾಟಲಿ ಎಲ್ಲರ ಹತ್ತಿರವೂ ಇರಲಿ. ಅಷ್ಟು ಜನ ಸೇರಿದ ಕಡೆ ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ, ಇಕ್ಕಟ್ಟಿನ ಜಾಗಗಳಿಗೆ ವಾಕಿಟಾಕಿ ಬೇಕೇ ಬೇಕು. ಚಪ್ಪಲಿ ಬಿಡೋ ಜಾಗ ಹೊರಹೋಗೋ ಗೇಟಿನಿಂದ ದೂರ ಇರಲಿ, ಜೋಡಿ ಹುಡುಕೋಕೆ ಒಬ್ಬರು ಬಗ್ಗಿದರೂ ಹಿಂದಿನವರು ಮುಗ್ಗರಿಸ್ತಾರೆ. ಆಂಬ್ಯುಲೆನ್ಸ್ ದಾರಿಗೆ ಹಾಕಿದ ಗಾರ್ಡನ್ನ ಯಾವ ದೊಡ್ಡವರ ಕಾರು ಬಂದರೂ ಕದಲಿಸಬೇಡಿ. ನನಗೆ ಸಿಟ್ಟು ಬರೋದು ಇಲ್ಲೇ. ಗಣ್ಯರು ಬಂದರು ಅಂದ ಕೂಡಲೇ ಮೊದಲು ಖಾಲಿಯಾಗೋದು ಆ ಜಾಗವೇ.

ಕೂಸು ಕಳೆದು ಸಿಕ್ಕರೆ ಅದರ ಅಂಗಿ ಬಣ್ಣ, ಗುರುತು ಎಲ್ಲ ಮೈಕಿನಲ್ಲಿ ಹೇಳಬೇಡಿ. ಕೂಸನ್ನ ಹುಡುಕಿಕೊಂಡು ಬಂದವರೇ ಆ ಗುರುತು ಹೇಳಬೇಕು, ಕೂಸೂ ಅವರನ್ನ ಗುರುತು ಹಿಡೀಬೇಕು. ಯಾರೂ ಬಾರದಿದ್ದರೆ ಪೊಲೀಸರಿಗೆ ಒಪ್ಪಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಏಜೆನ್ಸಿ ಹಿಡಿಯೋವಾಗ ಕಡಿಮೆ ರೇಟು ಒಂದನ್ನೇ ನೋಡಬೇಡಿ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಪ್ರಕಾರ ಪರವಾನಗಿ ಇದೆಯಾ ಕೇಳಿ, ಗಾರ್ಡ್‌ಗಳ ಫೋಟೋ ಇರೋ ಗುರುತಿನ ಚೀಟಿ ನೋಡಿ. ಕೇಂದ್ರದ ಮಾದರಿ ನಿಯಮದಲ್ಲಿ ಹೊಸ ಗಾರ್ಡ್‌ಗೆ 100 ತಾಸು ಪಾಠ, 60 ತಾಸು ಮೈದಾನದ ತರಬೇತಿ ಇದೆ, 15 ಗಾರ್ಡ್‌ಗೆ ಒಬ್ಬ ಸೂಪರ್‌ವೈಸರ್ ಇದ್ದಾನೆ. ಹಿಂದಿನ ದಿನ ಕೂಲಿಯವರು ನಿಲ್ಲೋ ಅಡ್ಡಾ ಮೇಲಿಂದ ಹುಡುಗರನ್ನ ಕರೆತಂದು ನೀಲಿ ಅಂಗಿ ತೊಡಿಸಿದರೆ ಇದ್ಯಾವುದೂ ಬರೋದಿಲ್ಲ. ಪೊಲೀಸರ ಡ್ರೆಸ್ ಹೋಲೋ ಬಟ್ಟೆ ಹಾಕಿಸೋದು ಆ ಕಾಯ್ದೆಯಲ್ಲಿ ಶಿಕ್ಷೆ ಇರೋ ಅಪರಾಧ. ಗಾರ್ಡ್‌ಗೆ ಯಾರ ಮೇಲೂ ಕೈ ಮಾಡೋ ಅಧಿಕಾರ ಇಲ್ಲ. ಕಣ್ಣೆದುರೇ ಕಳ್ಳನನ್ನ ಹಿಡಿದರೂ ತಡಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೆಣ್ಣುಮಕ್ಕಳ ತಪಾಸಣೆಗೆ ಹೆಣ್ಣುಮಕ್ಕಳೇ ಬೇಕು. ಅವರನ್ನ ಕರೆಸಿದ ಮೇಲೆ ಹತ್ತಿರದಲ್ಲೇ ಶೌಚಾಲಯವೂ ಇರಬೇಕು.

ಸಂಜೆ ತೇರು ಎಳೆಯೋದಿದ್ದರೆ ಗಾರ್ಡ್‌ಗಳ ಊಟ ಮಧ್ಯಾಹ್ನ ಎರಡಕ್ಕೆಲ್ಲ ಮುಗಿದಿರಲಿ, ರೊಟ್ಟಿ ಪಲ್ಯ ಅವರು ನಿಂತಲ್ಲಿಗೇ ಹೋಗಲಿ. ತೇರು ನಿಂತ ಮೇಲೂ ಅವರನ್ನ ಬಿಡಬೇಡಿ. ಬೆಳಗಿನಿಂದ ಸ್ವಲ್ಪ ಸ್ವಲ್ಪ ಬಂದ ಜನ ಒಟ್ಟಿಗೇ ಮನೆಗೆ ಹೊರಡೋದು ಆಗಲೇ, ಅದೂ ಕತ್ತಲಲ್ಲಿ.