ಚಾರ್ಜರ್ ಕೈಬಿಟ್ಟ ಸೆಲ್ಲುಗಳು

ರೀಚಾರ್ಜ್ ಸೆಲ್ಲೊಂದು ಸತ್ತಿದೆಯೆಂದು ಘೋಷಿಸುವ ಅಧಿಕಾರವನ್ನು ನಮ್ಮ ಮನೆಯಲ್ಲಿ ಚಾರ್ಜರ್ ವಹಿಸಿಕೊಂಡಿದೆ. ಡ್ರಾಯರಿನ ಮೂಲೆಯಲ್ಲಿ ಮರೆತುಹೋಗಿದ್ದ ಸೆಲ್ಲನ್ನು ಅದರಲ್ಲಿ ಕೂರಿಸಿದರೆ ಕೆಂಪು ದೀಪ ಮಿಟುಕಿಸುತ್ತದೆ. ಮನೆಯವರೆಲ್ಲ ಅದನ್ನು ನಂಬುತ್ತಾರೆ, ನಾನೊಬ್ಬ ನಂಬುವುದಿಲ್ಲ. ಈ ಜಾಣ ಚಾರ್ಜರುಗಳು ಮೊದಲು ವೋಲ್ಟೇಜ್ ಅಳೆಯುತ್ತವೆ, 1.2 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ತೀರಾ ಬರಿದಾಗಿ ಸೊನ್ನೆಯ ಹತ್ತಿರಕ್ಕೆ ಇಳಿದಿದ್ದರೆ, ಅದು ಕೆಟ್ಟಿದೆಯೆಂದೇ ಬಗೆದು ಕರೆಂಟು ಕೊಡಲು ಒಪ್ಪುವುದಿಲ್ಲ. ನಿಲ್ಲಲು ತ್ರಾಣವಿಲ್ಲದಷ್ಟು ಹಸಿದವನಿಗೆ, ಎದ್ದು ನಿಂತರೆ ಮಾತ್ರ ಊಟ ಎನ್ನುವ ನ್ಯಾಯವಿದು.

ಇದಕ್ಕೆ ಮದ್ದು ಪೆದ್ದ ಚಾರ್ಜರ್. ಏನನ್ನೂ ಅಳೆಯದೆ, ಯಾರನ್ನೂ ವಿಚಾರಿಸದೆ ಕರೆಂಟು ಹರಿಸುವ ಆ ಹಳೆಯ ಡಬ್ಬಿಯಲ್ಲಿ ಸೆಲ್ಲನ್ನು ಕೆಲವು ನಿಮಿಷ ಇಟ್ಟು, ಬಿಸಿಯಾಗುತ್ತಿದೆಯೇ ಎಂದು ಎದುರಿಗೇ ಕುಳಿತು ನೋಡಿ, ವೋಲ್ಟೇಜ್ ಒಂದರ ಗಡಿ ದಾಟಿದೊಡನೆ ಜಾಣ ಚಾರ್ಜರಿಗೆ ವರ್ಗಾಯಿಸಿದರೆ, ಅದು ಹಿಂದಿನ ತೀರ್ಪನ್ನು ಮರೆತು ಹಸಿರು ದೀಪ ತೋರಿಸುತ್ತದೆ. ಸೆಲ್ಲನ್ನು ಫ್ರಿಜ್ಜಿನಲ್ಲಿಟ್ಟರೆ ಜೀವ ಬರುತ್ತದೆಂಬ ಸಲಹೆಯೂ ಚಾಲ್ತಿಯಲ್ಲಿದೆ. ತಂಪು ಇರುವ ಚಾರ್ಜು ಸೋರಿಹೋಗುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ಇಲ್ಲದ ಚಾರ್ಜನ್ನು ತಂದುಕೊಡುವುದಿಲ್ಲ.

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕಲ್-ಕ್ಯಾಡ್ಮಿಯಂ ಸೆಲ್ಲಿನ ರೋಗ ಇನ್ನೂ ಸ್ವಾರಸ್ಯಕರ. ಅದರೊಳಗೆ ಕ್ಯಾಡ್ಮಿಯಮ್ಮಿನ ಕೂದಲೆಳೆಯಂಥ ಹರಳುಗಳು ಬೆಳೆದು, ನಡುವಿನ ಪರದೆಯನ್ನು ತೂರಿ, ಎರಡು ಧ್ರುವಗಳನ್ನೂ ಒಳಗೊಳಗೇ ಕೂಡಿಸಿಬಿಡುತ್ತವೆ. ದೊಡ್ಡ ಕೆಪಾಸಿಟರ್ ಒಂದನ್ನು ತುಂಬಿಸಿ, ಅದರ ಕರೆಂಟನ್ನು ಒಮ್ಮೆಲೇ ಸೆಲ್ಲಿಗೆ ಹಾಯಿಸಿ ಆ ಎಳೆಯನ್ನು ಸುಡುವವರಿದ್ದಾರೆ. ಸೆಲ್ಲು ಸಿಡಿಯುವ ಅಪಾಯವಿರುವುದರಿಂದ ರಕ್ಷಣೆಯ ಕನ್ನಡಕ ಧರಿಸಿ ನಾನೂ ಒಮ್ಮೆ ಹಾಗೆ ಮಾಡಿದಾಗ, ಸದ್ದು ಕೇಳಿ ಬಂದ ಅಮ್ಮ ನನ್ನ ವೇಷವನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹೊಸ ಸೆಲ್ಲು ಅಷ್ಟೊಂದು ದುಬಾರಿಯೇನೋ?” ಎಂದರು. ಎಳೆ ಸುಟ್ಟರೂ ಪರದೆಯ ತೂತು ಹಾಗೇ ಉಳಿಯುತ್ತದೆ. ಹೀಗೆ ಎದ್ದು ಕುಳಿತ ಸೆಲ್ಲು ಬಹುಬೇಗ ಮತ್ತೆ ಮಲಗುವುದು ಆ ಕಾರಣಕ್ಕೇ. ಅಮ್ಮನಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ಬದುಕಿಸಿದ ಸೆಲ್ಲನ್ನು ಎಲ್ಲಿ ಬಳಸುವುದೆಂಬುದೇ ನಿಜವಾದ ಕಷ್ಟ. ಮಲ್ಟಿಮೀಟರಿನ ಮುಂದೆ 1.3 ವೋಲ್ಟ್ ತೋರಿಸುವ ಸೆಲ್ಲು, ಒಳರೋಧ, ಅಂದರೆ ಕರೆಂಟಿಗೆ ತನ್ನೊಳಗೇ ಒಡ್ಡುವ ತಡೆ, ಹೆಚ್ಚಿರುವುದರಿಂದ, ಟಾರ್ಚಿಗೆ ಹಾಕಿದ ಕೂಡಲೇ ಕುಸಿಯುತ್ತದೆ. “ನಿಮ್ಮ ಸೆಲ್ಲುಗಳು ಮೀಟರಿಗೆ ಮಾತ್ರ ಹೆದರುತ್ತವೆ” ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಗೋಡೆ ಗಡಿಯಾರಕ್ಕೆ ಬೇಕಾಗುವ ಕರೆಂಟು ಅತ್ಯಲ್ಪವೆಂದು ವಾದಿಸಿ ಅಲ್ಲಿ ಒಂದನ್ನು ಹಾಕಿದೆ. ಒಂದು ಬೆಳಿಗ್ಗೆ ಸೆಕೆಂಡ್ ಮುಳ್ಳು ಒಂಬತ್ತರ ಬಳಿ ಮೇಲೇರಲಾರದೆ ನಡುಗುತ್ತಾ ನಿಂತಿತ್ತು. ಸೋತ ಸೆಲ್ಲಿಗೆ ಆ ಏರು ಎಲ್ಲಕ್ಕಿಂತ ಕಠಿಣ. ಮುಳ್ಳಿನ ನಡುಕವನ್ನೇ ಓಟವೆಂದು ನಂಬಿ ನಿಧಾನವಾಗಿ ಸ್ನಾನ ಮುಗಿಸಿದ ಮಗಳು ಪರೀಕ್ಷೆಗೆ ಓಡಬೇಕಾಯಿತು.

ಅಂದು ಸಂಜೆಯೇ ಗಡಿಯಾರಕ್ಕೆ ಹೊಸ ಸೆಲ್ಲು ಬಂತು. ಫೋನಿನ ಲಿಥಿಯಂ ಬ್ಯಾಟರಿಗಳನ್ನು ಮುಟ್ಟುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಳ್ಳಲಾಯಿತು. ಅದು ಅನಗತ್ಯವಾಗಿತ್ತು: ಮಿತಿಮೀರಿ ಬರಿದಾದ ಲಿಥಿಯಂ ಸೆಲ್ಲಿನಲ್ಲಿ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಬಹುದೆಂಬುದನ್ನು ಅವರಿಗೆ ತಿಳಿಸಿದವನೇ ನಾನು. ನನ್ನ ಸೆಲ್ಲುಗಳಿಗೆ ಈಗ ಟಿವಿಯ ರಿಮೋಟಿನಲ್ಲಿ ಮಾತ್ರ ಪ್ರವೇಶವಿದೆ. ಅವು ಕೈಕೊಟ್ಟಾಗ ಎದ್ದುಹೋಗಿ ಚಾನೆಲ್ ಬದಲಿಸುವ ಹೊಣೆಯೂ ನನಗೇ ಬಂದಿದೆ.